ಬಿಷಿಯಾ ಕಟ್ಟಿದ ವಿಮಾನದ ಪೆಟ್ಟಿಗೆ

ತೈಪೆಯ ಕಂಪ್ಯೂಟರ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಎರಡನೆಯ ಮಹಡಿಯ ಮೇಲೆ, ಬಿಷಿಯಾ ಎಂಬಾಕೆಯ ಅಂಗಡಿ. ಅಂಗಡಿ ಎಂದರೆ ಒಂದು ಉದ್ದನೆಯ ಮೇಜು, ಸದಾ ಕುದಿಯುವ ಚಹದ ಕೆಟಲು, ಮತ್ತು ಸುತ್ತ ಹೊಟ್ಟೆ ಬಿಚ್ಚಿಕೊಂಡು ಕೂತ ಕಂಪ್ಯೂಟರುಗಳು. ಹದಿನೇಳನೇ ವಯಸ್ಸಿಗೆ ಕಾರ್ಖಾನೆ ಸೇರಿ ಹಸಿರು ಹಲಗೆಗಳಿಗೆ ಬೆಸುಗೆ ಹಾಕತೊಡಗಿದವಳು ಅವಳು. ಈಗ ಐವತ್ತೆಂಟು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಸದ್ದು ಮಾಡದ ಫ್ಯಾನ್ ಹುಡುಕೋದ್ರಲ್ಲೇ ಆಯಸ್ಸು ಕಳೀತು, ಇನ್ನು ಗೊರಕೆ ಹೊಡೆಯೋದನ್ನ ಮನೆಗೆ ತರ್ಲಾ?" ಎನ್ನುತ್ತಿದ್ದಳು. ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ.

ವಿಮಾನ ಹಾರಿಸುವ ಆಟದ ಹುಚ್ಚರಿಗೆ ಯಂತ್ರ ಕಟ್ಟಿಕೊಡುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಉಳಿದ ಅಂಗಡಿಯವರು ಅಂಥ ಗಿರಾಕಿ ಮೆಟ್ಟಿಲು ಹತ್ತುವುದು ಕಂಡರೆ, "ಮೇಲೆ ಬಿಷಿಯಕ್ಕನ ಹತ್ರ ಹೋಗಿ" ಎಂದು ಸಾಗಹಾಕುತ್ತಿದ್ದರು. ಅವರ ತಪ್ಪೂ ಇಲ್ಲ. ಬೇರೆ ಆಟದವರು ನಾಲ್ಕು ಜನರಿಗೆ ಗುಂಡು ಹೊಡೆದು ಸಂತೋಷವಾಗಿ ಊಟಕ್ಕೆ ಏಳುತ್ತಾರೆ. ಇವರು ಯಾರನ್ನೂ ಕೊಲ್ಲುವುದಿಲ್ಲ. ಎರಡು ಗಂಟೆ ಮೋಡ ನೋಡುತ್ತ ಕೂತು, ಮೂರನೇ ಗಂಟೆಗೆ ಅಂಗಡಿಗೆ ಫೋನು ಮಾಡಿ ಒಂದು ಮೋಡ ಕಣ್ಣು ಮಿಟುಕಿಸುವಷ್ಟು ಹೊತ್ತು ತಡವರಿಸಿತೆಂದು ಅಳುತ್ತಾರೆ. ಬಿಷಿಯಾ ಇಂಥವರನ್ನು ಬೈಯುತ್ತಲೇ ಸಾಕಿಕೊಂಡಿದ್ದಳು. ಅವಳು ಸ್ವತಃ ವಿಮಾನ ಹತ್ತಿದವಳೇ ಅಲ್ಲ. ಹೆದರಿಕೆ. ಪೆಂಗು ದ್ವೀಪಕ್ಕೆ ಕೂಡ ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಹೋಗಿ, ವಾಂತಿ ಮಾಡಿಕೊಳ್ಳುತ್ತ ಬಂದಿದ್ದಳು. ಈ ಗುಟ್ಟು ಗಿರಾಕಿಗಳಿಗೆ ಗೊತ್ತಿರಲಿಲ್ಲ, ಗೊತ್ತಾಗುವುದು ಅವಳಿಗೆ ಬೇಕೂ ಇರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಚ್ವಾಂಗ್ ತಿಯೆನ್‌ಷಿ ಎಂಬ ಅರವತ್ತಾರರ ಗಿಡ್ಡ ಮನುಷ್ಯ ಏದುಸಿರು ಬಿಡುತ್ತ ಮೇಲೆ ಬಂದ. ಕೈಯಲ್ಲಿ ಬೇಕಾದ ಬಿಡಿಭಾಗಗಳ ಒಂದು ಪಟ್ಟಿ. ಯಾವನೋ ಇಂಟರ್ನೆಟ್ಟಿನಲ್ಲಿ ಹೇಳಿದನೆಂದು ಎಲ್ಲವನ್ನೂ ದೊಡ್ಡದೇ ಬರೆದುಕೊಂಡಿದ್ದ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಂತೂ ಸಣ್ಣ ಇಟ್ಟಿಗೆಯ ಒಲೆಯಷ್ಟು.

ಬಿಷಿಯಾ ಪಟ್ಟಿ ಓದಿ ಕೆಂಪು ಪೆನ್ನು ತೆಗೆದಳು. "ಅಣ್ಣಾ, ನೀವೇನು ಕಲ್ಲಂಗಡಿ ಆರಿಸ್ತಿದ್ದೀರಾ? ದೊಡ್ಡದೇ ಬೇಕು ಅನ್ನೋಕೆ?"

"ಆಟ ಭಾರ ಅಂದ್ರು."

"ಭಾರ ಹೌದು. ಆದ್ರೆ ಭಾರ ಎಲ್ಲಿ ಬೀಳುತ್ತೆ ಹೇಳಿ? ಈ ಆಟ ಮುಕ್ಕಾಲು ಕೆಲಸಾನ ಪ್ರೊಸೆಸರಿನ ಒಂದೇ ಒಂದು ತಲೆ ಮೇಲೆ ಹೊರಿಸುತ್ತೆ. ಉಳಿದ ತಲೆಗಳು ಪಕ್ಕದಲ್ಲಿ ನಿಂತು ಬೀಜ ತಿಂತಿರ್ತವೆ. ಆ ಒಂದು ತಲೆ ಚುರುಕಾಗಿರ್ಬೇಕು, ಬೇಕಾದ್ದು ಅದರ ಕೈಗೆಟುಕೋ ಹಾಗೆ ಪಕ್ಕದಲ್ಲೇ ದೊಡ್ಡ ಉಗ್ರಾಣ ಇರ್ಬೇಕು. ಇಲ್ದಿದ್ರೆ ನಿಮ್ಮ ಈ ಒಲೆ ಸುಮ್ನೆ ಉರೀತಾ ಕೂತಿರುತ್ತೆ, ಅನ್ನ ಬೇಯಲ್ಲ."

ಅವಳು ಕಾರ್ಡನ್ನು ಎರಡು ಮೆಟ್ಟಿಲು ಇಳಿಸಿ, ಪ್ರೊಸೆಸರನ್ನು ಮೇಲಕ್ಕೇರಿಸಿ, ಮೆಮರಿ ದುಪ್ಪಟ್ಟು ಮಾಡಿದಳು. ಬಣ್ಣಬಣ್ಣದ ದೀಪಗಳನ್ನೆಲ್ಲ ಹೊಡೆದುಹಾಕಿದಳು. ಪೆಟ್ಟಿಗೆಯ ನೆತ್ತಿಗೆ ಮೂರು ದೊಡ್ಡ ಫ್ಯಾನುಗಳು, ಒಳಗಿನ ಬಿಸಿಗಾಳಿಯನ್ನು ನೇರ ಮೇಲಕ್ಕೆ ಉಗುಳುವಂಥವು. ಈ ಫ್ಯಾನುಗಳೇ ಅವಳ ಹೆಮ್ಮೆ.

ಆಮೇಲೆ ಆಟದ ಸೆಟ್ಟಿಂಗುಗಳ ಹೊಂದಾಣಿಕೆಗೆ ಕೂತರು. ವಿಮಾನ ನಿಲ್ದಾಣದ ವಾಹನಗಳು, ಕೆಲಸಗಾರರು ಎಂಬಲ್ಲಿ ಬಿಷಿಯಾ ಸೊನ್ನೆಗೆ ಎಳೆದದ್ದೇ ತಡ, ತಿಯೆನ್‌ಷಿ ಅವಳ ಕೈ ಹಿಡಿದುಕೊಂಡ.

"ಅವ್ರನ್ನ ತೆಗೀಬೇಡಿ!"

"ಇವ್ರೇ ಅಣ್ಣಾ ಪ್ರೊಸೆಸರಿನ ರಕ್ತ ಹೀರೋದು. ನೆಲದ ಮೇಲೆ ಓಡಾಡೋರು ನಿಮಗ್ಯಾಕೆ? ನೀವು ಮೇಲಿರ್ತೀರಲ್ಲ."

"ಅವ್ರಿಲ್ದಿದ್ರೆ ಏಣಿ ಯಾರು ತರ್ತಾರೆ? ಸಾಮಾನು ಯಾರು ಇಳಿಸ್ತಾರೆ?" ಅವನ ಮುಖ ಕೆಂಪಾಗಿತ್ತು. "ಬೇಕಿದ್ರೆ ಮೋಡ ಕಮ್ಮಿ ಮಾಡಿ. ಮರ ಕಡೀರಿ. ಅವ್ರು ಇರ್ಲಿ."

ಆಗ ವಿಷಯ ಹೊರಬಿತ್ತು. ತಿಯೆನ್‌ಷಿ ಮೂವತ್ತೊಂದು ವರ್ಷ ತೈಪೆಯ ಸುಂಗ್‌ಷಾನ್ ವಿಮಾನ ನಿಲ್ದಾಣದಲ್ಲಿ, ಇಳಿದು ಬರುವ ವಿಮಾನಗಳ ಮುಂದೆ ನಿಂತು, ಎರಡು ಕೈಯಲ್ಲಿ ಎರಡು ಕೋಲು ಹಿಡಿದು, ಬಾ ಬಾ ಎಂದು ಕರೆದು ಜಾಗಕ್ಕೆ ನಿಲ್ಲಿಸುವ ಕೆಲಸ ಮಾಡಿದವನು. ಅವನ ಹೆಂಡತಿ ಲಿಯೆನ್‌ಹುವಾಳ ಅಣ್ಣ ಫಾಂಗ್ ಅದೇ ನಿಲ್ದಾಣದಿಂದ ಹಾರುತ್ತಿದ್ದ ಪೈಲಟ್. ಪ್ರತಿ ವರ್ಷ ಚಂದ್ರನ ಹಬ್ಬಕ್ಕೆ ಮನೆಮಂದಿಯೆಲ್ಲ ಗಲ್ಲಿಯಲ್ಲಿ ಕೆಂಡದ ಮುಂದೆ ಕೂತು ಮಾಂಸ ಸುಡುವಾಗ ಫಾಂಗ್ ಬಿಯರ್ ಎತ್ತಿ ಹಿಡಿದು ಹೇಳುತ್ತಿದ್ದ ಮಾತು ಒಂದೇ: "ನಾನು ವಿಮಾನ ಹಾರಿಸೋನು. ನಮ್ಮ ತಿಯೆನ್‌ಷಿ ನೊಣ ಹೊಡೆಯೋನು." ಮೂವತ್ತು ವರ್ಷದಿಂದ ಎಲ್ಲರೂ ನಗುತ್ತಿದ್ದರು. ತಿಯೆನ್‌ಷಿಯೂ ನಗುತ್ತಿದ್ದ. ಹೋದ ವರ್ಷ ಮಾತ್ರ ನಗು ಬರಲಿಲ್ಲ. ಕುಡಿದ ಅಮಲಿನಲ್ಲಿ, ಬೇಗಾನ್ ದ್ವೀಪದ ಗುಡ್ಡದ ಬುಡದ, ಇಳಿಸಲು ಕಷ್ಟವಾದ ಗಿಡ್ಡ ರನ್‌ವೇ ಮೇಲೆ ತಾನೂ ವಿಮಾನ ಇಳಿಸಬಲ್ಲೆನೆಂದುಬಿಟ್ಟ. ಫಾಂಗ್, "ಮುಂದಿನ ಹಬ್ಬಕ್ಕೆ ಬರ್ತೀನಿ, ಆಟದಲ್ಲೇ ಇಳಿಸಿ ತೋರ್ಸು. ಕುಪ್ಪಳಿಸದೆ ಇಳಿಸಿದ್ರೆ ಇನ್ಮೇಲೆ ನೊಣದ ಮಾತೆತ್ತಲ್ಲ" ಎಂದ.

ಬಿಷಿಯಾಗೆ ಪಿತ್ತ ಕೆರಳಿತು. ನೆಲದ ಮೇಲೆ ದುಡಿದವರನ್ನು ಹೀಯಾಳಿಸುವವರನ್ನು ಕಂಡರೆ ಅವಳಿಗೆ ಮೊದಲಿಂದಲೂ ಆಗದು. "ಹಬ್ಬದ ಹೊತ್ತಿಗೆ ಬೆಣ್ಣೆ ಮೇಲೆ ಚಾಕು ಓಡ್ದಂಗೆ ಓಡುತ್ತೆ. ತಡವರಿಸಿದ್ರೆ ಅಂಗಡಿ ಬೋರ್ಡು ಇಳಿಸ್ತೀನಿ" ಎಂದು ಮಾತು ಕೊಟ್ಟೇಬಿಟ್ಟಳು. ಮೋಡ ಇಳಿಸಿದಳು, ಮರ ಕಡಿದಳು, ಕೆಲಸಗಾರರನ್ನು ಉಳಿಸಿದಳು. ಅಂಗಡಿಯಲ್ಲಿ ತೈಪೆಯಿಂದ ಬೇಗಾನ್‌ವರೆಗೆ ಐವತ್ತು ನಿಮಿಷ ಪೂರ್ತಿ ಓಡಿಸಿ ನೋಡಿದರೆ ಒಂದು ಬಿಕ್ಕಳಿಕೆಯಿಲ್ಲ. ಪೆಟ್ಟಿಗೆಯನ್ನು ಅವಳೇ ಅವನ ಮನೆಗೆ ಒಯ್ದು ಜೋಡಿಸಿದಳು. ಕೊನೆಗೆ ಪದ್ಧತಿಯಂತೆ ಹಸಿರು ಪೊಟ್ಟಣದ ಜೋಳದ ಕುರುಕಲು ಒಂದನ್ನು ಪೆಟ್ಟಿಗೆಯ ನೆತ್ತಿಯ ಮೇಲಿಟ್ಟು ಕೈಮುಗಿದಳು. ತೈಪೆಯಲ್ಲಿ ಆ ಪೊಟ್ಟಣವಿಲ್ಲದೆ ಯಾವ ಯಂತ್ರವೂ ಹೇಳಿದ ಮಾತು ಕೇಳುವುದಿಲ್ಲ. ಹಸಿರೇ ಆಗಬೇಕು, ಕೆಂಪು ಹಳದಿ ತಂದರೆ ಕೆಟ್ಟಿತು. ಅದರ ತಾರೀಕು ಮೀರಬಾರದು. ಎಷ್ಟೇ ಹಸಿವಾದರೂ ತಿನ್ನಬಾರದು.

ವಾರ ಕಳೆಯುವುದರೊಳಗೆ ಫೋನು ಬಂತು. "ಅಕ್ಕಾ, ದ್ವೀಪ ಕಾಣೋವರ್ಗೂ ರೇಷ್ಮೆ. ಕಂಡ ಮೇಲೆ ಕುಂಟುತ್ತೆ. ಇಳಿಸೋ ಹೊತ್ತಿಗೆ ಸರಿಯಾಗಿ ಒಂದು ಗಳಿಗೆ ನಿಂತುಬಿಡುತ್ತೆ, ನಾನು ಕಪ್ಪೆ ಥರ ಕುಪ್ಪಳಿಸ್ತೀನಿ."

ಬಿಷಿಯಾ ಓಡಿದಳು. ಮೆಮರಿಯ ವೇಗ ನೋಡಿದಳು, ಸರಿಯಿತ್ತು. ಚಿತ್ರಗಳ ವೇಗಕ್ಕೆ ಲಗಾಮು ಹಾಕಿ, ನೆಗೆಯುವುದಕ್ಕಿಂತ ಒಂದೇ ಸಮ ನಡೆಯುವಂತೆ ಮಾಡಿದಳು. ಹತ್ತು ನಿಮಿಷ ಓಡಿಸಿದಳು, ಚೆನ್ನಾಗಿತ್ತು. ಮರುದಿನ ಮತ್ತೆ ಫೋನು. ಮತ್ತೆ ಹೋದಳು, ದ್ವೀಪದ ಕಲ್ಲುಗಳ ನಯ ತಗ್ಗಿಸಿದಳು, ಮತ್ತೆ ಹತ್ತು ನಿಮಿಷ ಸರಿ. ಮೂರನೆಯ ಸಲ ಮನೆಯ ವಿದ್ಯುತ್ತನ್ನೇ ಅನುಮಾನಿಸಿ ಅಕ್ಕಿ ಬೇಯಿಸುವ ಪಾತ್ರೆಯ ಪ್ಲಗ್ ಕೀಳಿಸಿದಳು. ಅಂದು ಚ್ವಾಂಗರ ಮನೆಯಲ್ಲಿ ಊಟ ತಡವಾಯಿತೇ ಹೊರತು ಬೇರೇನೂ ಆಗಲಿಲ್ಲ. ಲೋಕದಲ್ಲಿರುವುದನ್ನೆಲ್ಲ ಅನುಮಾನಿಸಿದ ಅವಳು ತನ್ನ ಮೂರು ಫ್ಯಾನುಗಳನ್ನು ಮಾತ್ರ ಅನುಮಾನಿಸಲಿಲ್ಲ. ಹೆತ್ತವರು ಮಕ್ಕಳನ್ನು ಅನುಮಾನಿಸುತ್ತಾರೆಯೇ?

ಲಿಯೆನ್‌ಹುವಾ ಕೈಕಟ್ಟಿ ಕೂರುವ ಹೆಂಗಸಲ್ಲ. ಯಂತ್ರ ಕುಂಟಿದಾಗಲೆಲ್ಲ ಒಂದು ಹಸಿರು ಪೊಟ್ಟಣ ಹೆಚ್ಚಿಸಿದಳು. ಎರಡನೆಯದನ್ನು ಮಾಜು ದೇವಿಯ ಗುಡಿಯಲ್ಲಿ ಧೂಪದ ಮೇಲೆ ಮೂರು ಸುತ್ತು ತಿರುಗಿಸಿ ತಂದಳು. ಮೂರನೆಯದು ಪಕ್ಕದ ಮನೆಯಾಕೆ ಕೊಟ್ಟದ್ದು. ಬಿಷಿಯಾಳೂ ಒಂದು ದಿನ ತಲೆ ಕೆರೆದುಕೊಂಡು ಚೀಲದಿಂದ ಒಂದನ್ನು ತೆಗೆದಿಟ್ಟು ಬಂದಳು. ಹಬ್ಬದ ಹೊತ್ತಿಗೆ ಪೆಟ್ಟಿಗೆಯ ನೆತ್ತಿಯ ಮೇಲೆ ಏಳು ಪೊಟ್ಟಣಗಳು ಭುಜಕ್ಕೆ ಭುಜ ತಾಗಿಸಿ ಮಲಗಿದ್ದವು.

ಹಬ್ಬದ ದಿನ ಮಧ್ಯಾಹ್ನ ಬಿಷಿಯಾ ಕೊನೆಯ ಪರೀಕ್ಷೆಗೆ ಬಂದಳು. ಫಾಂಗ್ ನಾಲ್ಕಕ್ಕೆ ಬರುವವನಿದ್ದ. ತಿಯೆನ್‌ಷಿ ಹಾರಿದ. ಲಿಯೆನ್‌ಹುವಾ ಬಲವಂತ ಮಾಡಿ ತಟ್ಟೆಯ ತುಂಬ ಚಕ್ಕೋತ ಹಣ್ಣಿನ ತೊಳೆ ಕೊಟ್ಟಿದ್ದರಿಂದ ಬಿಷಿಯಾ ಎಂದಿನಂತೆ ಹತ್ತು ನಿಮಿಷಕ್ಕೆ ಏಳಲಾಗಲಿಲ್ಲ. ಮುಕ್ಕಾಲು ಗಂಟೆಗೆ ದ್ವೀಪ ಕಂಡಿತು. ಚಿತ್ರ ಕುಂಟಿತು. ನಿಂತಿತು. ವಿಮಾನ ಮೂರು ಸಲ ಕುಪ್ಪಳಿಸಿ ಹುಲ್ಲಿಗೆ ಹೋಯಿತು.

"ನಾನು ಹೊಟ್ಟೆನೋವು ಅಂತ ಮಲಕ್ಕೊಂಡುಬಿಡ್ತೀನಿ," ಎಂದ ತಿಯೆನ್‌ಷಿ.

ಬಿಷಿಯಾ ಕೇಬಲ್ಲು ನೋಡಲು ಮಂಡಿಯೂರುತ್ತ ಆಸರೆಗೆ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಪೊಟ್ಟಣ ಆಗತಾನೇ ಹಬೆಯಿಂದ ತೆಗೆದ ಬನ್ನಿನಂತೆ ಸುಡುತ್ತಿತ್ತು. ಉಬ್ಬಿಯೂ ಇತ್ತು. ಇನ್ನೊಂದು ಮುಟ್ಟಿದಳು. ಅದೂ ಹಾಗೆಯೇ. ಏಳಕ್ಕೆ ಏಳೂ ಅವಳ ಮೂರು ಫ್ಯಾನುಗಳ ಬಾಯಿ ಮುಚ್ಚಿಕೊಂಡು ಸುಖವಾಗಿ ಬೆಚ್ಚಗಾಗುತ್ತಿದ್ದವು. ಗಾಳಿ ಹೊರಹೋಗದೆ ಒಳಗೆ ಕಾವು ಏರಿ, ಮುಕ್ಕಾಲು ಗಂಟೆಗೆ ಸರಿಯಾಗಿ ಪ್ರೊಸೆಸರು ಬೆವರೊರೆಸಿಕೊಳ್ಳಲು ನಿಧಾನಿಸುತ್ತಿತ್ತು. ಅಂಗಡಿಯಲ್ಲಿ ಓಡಿದಾಗ ನೆತ್ತಿ ಬರಿದಾಗಿತ್ತು. ಮೊದಲ ಪೊಟ್ಟಣ ಇಟ್ಟವಳು ಯಾರು? ತಾನೇ. ಬಿಷಿಯಾಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಹೇಳುವುದಾದರೂ ಹೇಗೆ? ದೇವಿಯ ಗುಡಿಯಿಂದ ಬಂದ ಪೊಟ್ಟಣವೇ ತೊಂದರೆ ಎಂದರೆ ಹಬ್ಬದ ದಿನ ಲಿಯೆನ್‌ಹುವಾ ಕಣ್ಣೀರಿಡುತ್ತಾಳೆ. ನಲವತ್ತು ವರ್ಷದ ಅನುಭವ ಕುರುಕಲು ತಿಂಡಿಗೆ ಸೋತಿತೆಂದರೆ ಇಡೀ ಮಾರುಕಟ್ಟೆ ನಗುತ್ತದೆ. ಬಿಷಿಯಾ ಎದ್ದುನಿಂತು ಕೆನ್ನೆ ಬಡಿದುಕೊಂಡಳು.

"ಅಯ್ಯೋ ತಂಗೀ, ಎಂಥ ಅಪಚಾರ ಮಾಡಿದ್ದೀವಿ ನೋಡು! ಇಷ್ಟು ಜನರನ್ನ ತಲೆ ಮೇಲೆ ಕೂರಿಸಿದ್ರೆ ಯಾವ ಆಳು ತಾನೇ ಕೆಲಸ ಮಾಡ್ತಾನೆ? ಮೇಲ್ವಿಚಾರಕರು ಎದುರಿಗೆ ಕೂತು ಕಣ್ಣಿಡ್ಬೇಕು. ಆಗ ಹೆದರ್ಕೊಂಡು ಓಡುತ್ತೆ!"

ಲಿಯೆನ್‌ಹುವಾಗೆ ಇದು ಸರಿಯಾಗಿಯೇ ಕಂಡಿತು. "ಹೌದಲ್ವಾ! ನಮ್ಮನೇವ್ರೂ ಹಾಗೇನೇ. ಎದುರಿಗೆ ನಿಂತ್ರೆ ಮಾತ್ರ ಕೆಲಸ," ಎಂದು ಏಳನ್ನೂ ತೆಗೆದು ಪೆಟ್ಟಿಗೆಯ ಎದುರು ಸ್ಟೂಲಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಬಿಷಿಯಾ ಮುಚ್ಚಳ ತೆರೆದು ಬೀಸಣಿಗೆಯಿಂದ ಗಾಳಿ ಹಾಕಿದಳು. ಬೀಸುವಾಗ ಮುಖ ಗೋಡೆ ಕಡೆಗಿತ್ತು, ಯಾಕೆಂದರೆ ನಗು ತಡೆಯುತ್ತಿರಲಿಲ್ಲ.

ಫಾಂಗ್ ನಾಲ್ಕಕ್ಕೆ ಸರಿಯಾಗಿ ಬಂದ. ಎಪ್ಪತ್ತಾದರೂ ಬೆನ್ನು ಬಾಗಿರಲಿಲ್ಲ, ಬಾಯಿಯೂ ಬಾಗಿರಲಿಲ್ಲ. "ಏನೋ, ನೊಣ ಎಷ್ಟಾಯ್ತು ಈ ವರ್ಷ?" ಎನ್ನುತ್ತಲೇ ಹಿಂದಿನ ಕುರ್ಚಿಯಲ್ಲಿ ಕೂತ. ತಿಯೆನ್‌ಷಿ ಹಾರಿದ. ಐವತ್ತು ನಿಮಿಷ ಬಿಷಿಯಾ ಉಸಿರು ಬಿಗಿಹಿಡಿದು ಫ್ಯಾನುಗಳ ಸದ್ದಿಗೆ ಕಿವಿಗೊಟ್ಟಳು. ದ್ವೀಪ ಬಂತು. ಗುಡ್ಡ ಬಂತು. ಚಿತ್ರ ನೀರು ಹರಿದಂತೆ ಹರಿಯಿತು. ಚಕ್ರಗಳು ಒಂದೇ ಸಲ ನೆಲ ಮುಟ್ಟಿ, ಅಲ್ಲೇ ಉಳಿದವು.

ಎಲ್ಲರೂ ಫಾಂಗನ ಮುಖ ನೋಡಿದರು. ಅವನು ಕೆನ್ನೆ ಕೆರೆದುಕೊಂಡ. "ಇಳಿಸ್ದ, ಇಲ್ಲ ಅನ್ನಲ್ಲ. ಆಟ ತಾನೇ? ಯಂತ್ರ ಒಳ್ಳೇದಿದೆ."

ತಿಯೆನ್‌ಷಿಯ ಭುಜ ಇಳಿದುಹೋಯಿತು. ಯಂತ್ರವನ್ನು ಹೊಗಳಿದ್ದಕ್ಕೆ ಬಿಷಿಯಾಗೆ ಹುಟ್ಟಿದಾರಭ್ಯ ಅಂಥ ಸಿಟ್ಟು ಬಂದಿರಲಿಲ್ಲ.

"ಏಳು, ನಾನು ತೋರಿಸ್ತೀನಿ," ಎಂದು ಫಾಂಗ್ ಕುರ್ಚಿ ಹಿಡಿದ. ಒಂದು ಸುತ್ತು ಮೇಲೇರಿ, ಅದೇ ಗಾಳಿಗೆ ಹೂವಿನಂತೆ ಇಳಿಸಿದ. ನಿಜಕ್ಕೂ ಚೆಂದವಿತ್ತು. ತಿರುಗಿ ನಿಲ್ದಾಣದ ಕಟ್ಟಡದ ಕಡೆ ನಿಧಾನವಾಗಿ ಬರತೊಡಗಿದ. ತಿಯೆನ್‌ಷಿ ಅಷ್ಟರಲ್ಲಿ ಕೆಂಡದ ಹತ್ತಿರ ಹೋಗಲೆಂದು ಎರಡು ಉದ್ದನೆಯ ಇಕ್ಕಳ ಕೈಗೆತ್ತಿಕೊಂಡಿದ್ದ. ಬಾಗಿಲಲ್ಲಿ ನಿಂತು ಪರದೆ ನೋಡಿದ. ಏನು ಅನಿಸಿತೋ, ಬಂದು ಪರದೆಯ ಪಕ್ಕ ನೆಟ್ಟಗೆ ನಿಂತು, ಇಕ್ಕಳಗಳನ್ನು ತಲೆಯ ಮೇಲೆತ್ತಿ, ಬಾ, ಬಾ ಎಂದು ಬೀಸತೊಡಗಿದ.

ಫಾಂಗನ ಕಣ್ಣು ಪರದೆಯಿಂದ ಅವನತ್ತ ಹೊರಳಿತು. ಹೊರಳಿದ ಕಣ್ಣು ಅಲ್ಲೇ ನಿಂತಿತು. ಎಡಗೈ ಬೀಸಿದಾಗ ಎಡಕ್ಕೆ ಬಂದ. ಬಲಗೈಗೆ ಬಲಕ್ಕೆ ಬಂದ. ತಿಯೆನ್‌ಷಿಯ ಮುಖದಲ್ಲಿ ಕೋಣೆಯಲ್ಲಿದ್ದ ಯಾರೂ ಕಂಡಿರದ ಗಾಂಭೀರ್ಯವಿತ್ತು. ನಿಲ್ಲಬೇಕಾದ ಗೆರೆ ಬಂತು. ತಿಯೆನ್‌ಷಿ ಬೀಸುತ್ತಲೇ ಇದ್ದ. ಗೆರೆ ದಾಟಿತು. ಬಾ, ಇನ್ನೂ ಬಾ. ಬಿಷಿಯಾಗೆ ಅರ್ಥವಾಯಿತು, ಬಾಯಿಗೆ ಸೆರಗಿಲ್ಲದ್ದರಿಂದ ಬೀಸಣಿಗೆ ಅಡ್ಡ ಹಿಡಿದಳು. ವಿಮಾನ ನೇರ ಹೋಗಿ ಕಟ್ಟಡಕ್ಕೆ ಮೂತಿ ಗುದ್ದಿತು. ಪರದೆ ಕಪ್ಪಾಯಿತು.

"ಗೋಡೆ ಅಣ್ಣಾ, ಗೋಡೆ!" ಎಂದು ಲಿಯೆನ್‌ಹುವಾ ತಡವಾಗಿ ಕೂಗಿದಳು.

ಫಾಂಗ್ ಕೆಂಡವಾದ. "ಅಷ್ಟು ಮುಂದಕ್ಕೆ ಯಾಕೋ ಕರೆದೆ?"

"ನಾನು ಕರೆದೆ ಭಾವ. ನೀವ್ಯಾಕೆ ಬಂದ್ರಿ?"

ಫಾಂಗ್ ಇನ್ನೂ ವಿಮಾನ ನಡೆಸುವ ಹಿಡಿಕೆಯ ಮೇಲಿದ್ದ ತನ್ನ ಕೈಗಳನ್ನು ಹೊಸದಾಗಿ ಕಂಡವನಂತೆ ನೋಡಿಕೊಂಡ.

"ಅಲ್ಲಿ ಕೂತ್ರೆ ಮೂತಿ ಎಲ್ಲಿಗೆ ಮುಗಿಯುತ್ತೆ ಅಂತ ನಮಗೆ ಕಾಣಲ್ಲ ಕಣೋ," ಎಂದ ಕೊನೆಗೆ, ಮೆಲ್ಲಗೆ. "ಒಂದು ದಿನಾನೂ ಕಂಡಿಲ್ಲ. ನಿನ್ನ ಕೈ ನೋಡ್ಕೊಂಡೇ ಬರ್ತಿದ್ದೆ."

ತಿಯೆನ್‌ಷಿ ಇಕ್ಕಳಗಳನ್ನು ಅಂಗಿಗೆ ಒರೆಸಿ, ಮತ್ತೆ ಪರದೆಯ ಪಕ್ಕ ನೆಟ್ಟಗೆ ನಿಂತ.

"ಇನ್ನೊಂದ್ಸಲ ಇಳೀರಿ ಭಾವ. ಈ ಸಲ ಸರಿಯಾಗಿ ನಿಲ್ಲಿಸ್ತೀನಿ."