ಮುಗಿದಿದೆ ಎಂದ ಹರಿವು

ನಡೆಯುವುದಕ್ಕೆ ಮೊದಲೇ ಕೆಲವರಿಗೆ ತಿಳಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನನ್ನ ನೆನಪನ್ನಂತೂ ನಂಬುವುದಿಲ್ಲ. ಅದು ಆದದ್ದನ್ನು ತನಗೆ ಬೇಕಾದ ಹಾಗೆ ಜೋಡಿಸಿಕೊಳ್ಳುತ್ತದೆ.

ಹೆಬ್ಬಾಳದ ನಮ್ಮ ಕಚೇರಿಯ ಸರ್ವರ್‌ಗೆ ಮನೆಯಲ್ಲಿರುವ ಹೃದ್ರೋಗಿಗಳ ನಾಡಿಬಡಿತ ಅವರ ಕೈಪಟ್ಟಿಯಿಂದ ಬಂದು ಸೇರುತ್ತದೆ. ಒಬ್ಬೊಬ್ಬರದೂ ಒಂದೊಂದು ಹರಿವು. ನಿಂತರೆ ಏಕೆ ನಿಂತಿತೆಂದು ಪರೀಕ್ಷಿಸುವ ಪ್ರೋಗ್ರಾಂ ಬರೆದವನು ನಾನು. ರೋಗಿ ಕೈಪಟ್ಟಿ ಬಿಚ್ಚಿಟ್ಟರೆ ‘ಮುಗಿದಿದೆ’ ಎಂದು ತೋರಿಸುತ್ತದೆ, ಗಾಬರಿಯಿಲ್ಲ. ಪಟ್ಟಿ ಕೈಯಲ್ಲಿರುವಾಗಲೇ ಹರಿವು ನಿಂತು ‘ಕಡಿದಿದೆ’ ಎಂದು ಬಂದರೆ ಮಾತ್ರ ಫೋನ್ ಮಾಡುತ್ತೇವೆ.

ನನಗೆ ಈ ಕೆಲಸ ಕಲಿಸಿದವರು ಅಮೃತಹಳ್ಳಿಯ ನಾಗವೇಣಿ ಅಕ್ಕ. ಅವರ ತಾತ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿ. ಯಾವ ಹರಿವು ನಿಂತರೂ ಅಕ್ಕ ಕೇಳುವುದು ಅವರ ತಾತನ ಪ್ರಶ್ನೆಗಳನ್ನೇ: ನೀರು ಮುಗಿಯಿತೋ, ತೂಬು ಮುಚ್ಚಿತೋ, ಕಾಲುವೆ ಒಡೆಯಿತೋ? ಎಷ್ಟೋ ಪುಟ ಓದಿದರೂ ತಲೆಗೆ ಹತ್ತದ್ದು ನನಗೆ ಇದರಿಂದ ಹತ್ತಿತು.

ಒಂದು ಮಧ್ಯಾಹ್ನ ಗಂಗಾನಗರದ ಒಬ್ಬ ಅಜ್ಜಿಯ ಹೆಸರಿನ ಮುಂದೆ ‘ಮುಗಿದಿದೆ’ ಎಂದು ಬಂತು. ಹಿಂದೆ ಊಟಕ್ಕೆ ಕೂತಿದ್ದ ಅಕ್ಕನಿಗೆ ಓದಿ ಹೇಳಿದೆ. ಸ್ನಾನಕ್ಕೆ ಹೋಗಿರಬೇಕು ಎಂದೂ ಹೇಳಿದೆ.

“ಮುಗಿದಿಲ್ಲ ಕಣೋ,” ಎಂದರು ಅಕ್ಕ, ಎತ್ತಿದ ತುತ್ತನ್ನು ಡಬ್ಬಿಗೇ ಇಳಿಸಿ. “ಮುಗಿಯೋ ನೀರು ಇಂಗೆ ನಿಲ್ಲಲ್ಲ, ಮೊದ್ಲು ಸಣ್ಣಗಾಗುತ್ತೆ. ಫೋನ್ ಮಾಡು.”

“ಇದು ನಿಮ್ಮ ತಾತನ ಕೆರೆ ಅಲ್ಲ ಅಕ್ಕ.”

“ಆಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ ಗುರು? ಮಾಡು.”

ಮಾಡಿದೆ. ಅಜ್ಜಿಯ ಮಗಳು ಗೊಣಗುತ್ತಲೇ ನೋಡಲು ಹೋದರು. ಬಚ್ಚಲಿನ ಬಾಗಿಲಲ್ಲಿ, ಬಿಚ್ಚಿದ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ತಾಯಿ ಕುಸಿದಿದ್ದರು. ಕೂಡಲೇ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದರು.

ನನ್ನ ತಪ್ಪು ಹುಡುಕಲು ಮರುದಿನ ದಾಖಲೆ ತೆಗೆದೆ. ಪ್ರೋಗ್ರಾಂ ಸರಿಯಾಗಿಯೇ ಇತ್ತು: ಪಟ್ಟಿ ಬಿಚ್ಚಿದರು, ಹರಿವು ಮುಗಿಯಿತು. ಆದರೆ ನಮ್ಮ ಫೋನ್ ಹೋದದ್ದು ಅದಕ್ಕೆ ಎರಡು ನಿಮಿಷ ಮೊದಲು. ಎರಡರ ಸಮಯವನ್ನೂ ಬರೆದುಕೊಂಡದ್ದು ಒಂದೇ ಸರ್ವರ್, ಒಂದೇ ಗಡಿಯಾರ. ನಾವು ವಾದಿಸುತ್ತಿದ್ದಾಗ ಹರಿವು ಏನೂ ಏರುಪೇರಿಲ್ಲದೆ ಹರಿಯುತ್ತಲೇ ಇತ್ತು. ಹಾಗಾದರೆ ಪರದೆಯ ಮೇಲೆ ನಾನು ಓದಿದ್ದೇನು?

ಅಕ್ಕನನ್ನು ಕೇಳಿದೆ. “ನಂಗೇನ್ ಗೊತ್ತು? ನಾನು ಊಟ ಮಾಡ್ತಿದ್ದೆ, ಸ್ಕ್ರೀನ್ ನೋಡ್ಲೇ ಇಲ್ಲ,” ಎಂದರು.

ಪ್ರೋಗ್ರಾಂ ಇಂದಿಗೂ ಹಾಗೆಯೇ ಓಡುತ್ತಿದೆ. ತಿದ್ದಲು ಅದರಲ್ಲಿ ನನಗೆ ಏನೂ ಸಿಗಲಿಲ್ಲ. ಊಟದ ಹೊತ್ತಿನಲ್ಲಿ ‘ಮುಗಿದಿದೆ’ ಎಂದು ಬಂದಾಗಲೆಲ್ಲ ಅಕ್ಕನ ಕಡೆ ತಿರುಗುತ್ತೇನೆ. ಅವರು ತುತ್ತು ಬಾಯಿಗಿಟ್ಟ ಮೇಲೆಯೇ ನನಗೆ ಸಮಾಧಾನ.