ಹೂವಿನ ಪಾತಿಯ ಗರಿಕೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಧಾರವಾಡದಿಂದ ಮರಾಠಿ ಸೀಮೆಯ ಖಡಕಿಗೆ ಬಂದು ಇಪ್ಪತ್ತು ವರ್ಷವಾದರೂ ಅದೊಂದು ಮಾತ್ರ ಬದಲಾಗಿಲ್ಲ.

ನಮ್ಮ ಸೊಸೈಟಿಯ ಗೇಟಿನ ಪಕ್ಕದ ಹೂವಿನ ಪಾತಿಗಳ ಉಸ್ತುವಾರಿ ನನ್ನದು. ಉಸ್ತುವಾರಿ ಅಂದರೆ ಮಾಲಿಯ ಬೆನ್ನು ಹತ್ತುವುದು. ಮಾಲಿ ಕಲಬುರಗಿ ಕಡೆಯ ಹಿರಿಯರು. ನಾನು ಕಾಕಾ ಎನ್ನುತ್ತಿದ್ದೆ. ಕಳೆ ಏಳದಿರಲೆಂದು ದಾಸವಾಳ, ಸೇವಂತಿಗೆಯ ಬುಡಕ್ಕೆ ಹಳೆಯ ರಟ್ಟು ಹಾಸಿ, ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಒಣಗಿದ ಎಲೆ ಹೊದಿಸಿದ್ದೆವು. ಉಳಿದ ಕಳೆಯೆಲ್ಲ ಸತ್ತಿತು. ಗರಿಕೆ ಮಾತ್ರ ತಿಂಗಳು ತಿಂಗಳೂ ತಲೆಯೆತ್ತುತ್ತಿತ್ತು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನನಗೆ ತಲೆ ಕೆಟ್ಟಿತು. ಶಾಲೆಯ ಬಸ್ಸಿಗಾಗಿ ಹತ್ತು ಮಂದಿ ಗೇಟಿನಲ್ಲೇ ನಿಂತಿದ್ದರು.

"ಎಲ್ಲೆಲ್ಲಿದೋ ಎಲಿ ಬಳಕೊಂಡು ಬಂದು ಸುರೀತೀರಿ, ಅದರಾಗ ಬೇರು ಇರ್ತಾವು. ಕಣ್ಣು ಕಾಣೂದಿಲ್ಲೇನ್ರಿ ಕಾಕಾ? ನಾಳಿಂದ ಬರಬ್ಯಾಡ್ರಿ!"

ಅವರು ಕೈಯ ಮಣ್ಣು ಒರೆಸಿಕೊಂಡರು. ಕಳೆ ಕೀಳುವ ಖುರ್ಪಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಒಂಬತ್ತು ವರ್ಷದ ಕೆಲಸ ಅಷ್ಟರಲ್ಲಿ ಮುಗಿದಿತ್ತು.

ಆಮೇಲೆ ನಾನೇ ಸೆರಗು ಕಟ್ಟಿ ನಿಂತೆ. ಹಳೆಯ ಹೊದಿಕೆ ತೆಗೆದು, ಒಂದೊಂದು ಬೇರನ್ನೂ ಆರಿಸಿ, ಜಾಡಿಸಿದ ಹೊಸ ಎಲೆ ಹೊದಿಸಿದೆ. ಹೇಗೆ ಬರುತ್ತದೋ ನೋಡೋಣ ಎಂದು ಸೊಂಟಕ್ಕೆ ಕೈಯಿಟ್ಟು ಹೇಳಿದ್ದೂ ನೆನಪಿದೆ.

ಬಂತು. ಎರಡೇ ತಿಂಗಳಿಗೆ, ದಾಸವಾಳದ ಬುಡದಲ್ಲಿ, ಹಸಿರಾಗಿ ಬಂತು. ಬೆಪ್ಪಾಗಿ ಕುಕ್ಕರಿಸಿ, ಎಲೆ ಸರಿಸಿ, ಬೇರುಸಮೇತ ಕಿತ್ತೆ. ಬೇರಿನ ನಡುವೆ ಕೆಂಪು ದಾರದ ಗಂಟೊಂದು ಸಿಕ್ಕಿಕೊಂಡಿತ್ತು. ನನ್ನ ಹೊಲಿಗೆ ಡಬ್ಬಿಯ ದಾರ. ನಾನೇ ಹಾಕಿದ ಗಂಟು.

ಪ್ರತಿ ಸಂಕಷ್ಟಿಗೆ ಪಂಪ್ ರೂಮಿನ ಹಿಂದಿನಿಂದ ಗರಿಕೆ ಕಿತ್ತು ತಂದು, ಇಪ್ಪತ್ತೊಂದು ಎಳೆಯನ್ನು ಆ ದಾರದಿಂದ ಕಟ್ಟಿ ಗಣಪತಿಗೆ ಏರಿಸುತ್ತೇನೆ. ಮಾರುಕಟ್ಟೆಯಲ್ಲಿ ಸಿಗುವ ಕಟ್ಟು ಬಾಡಿರುತ್ತದೆಂದು ಬೇರಿನ ಗಣ್ಣಿನ ಸಮೇತ ಕಿತ್ತದ್ದೇ ಏರಿಸುತ್ತೇನೆ. ದೇವರ ನಿರ್ಮಾಲ್ಯವನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದೆ, ಮರುದಿನ ಇದೇ ಪಾತಿಯ ಎಲೆಯಡಿ ಸೇರಿಸುತ್ತೇನೆ. ವರ್ಷಗಳಿಂದ ಗರಿಕೆ ನೆಟ್ಟವಳು ನಾನು! ದಾರ ಹಿಡಿದುಕೊಂಡು ಕಾಕಾರನ್ನು ಹುಡುಕಿ ಹೊರಟೆ.

ಕಾಕಾ ಹಿಂದಿನ ಗಲ್ಲಿಯ ಬಂಗಲೆಯೊಂದರಲ್ಲಿ ನೀರು ಹಾಕುತ್ತಿದ್ದರು. ದಾರ ತೋರಿಸಿದೆ. "ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ ಅಕ್ಕಾರ. ಇಂಥಾ ದಾರ ಭಾಳ ಸಿಕ್ಕಾವು. ದೇವರಿಗೆ ಏರಿಸಿದ ಕರಕಿ, ಅದನ್ನ ಕಳೆ ಅಂತ ನಾ ಹೆಂಗ ಹೇಳ್ಲಿ? ಸುಮ್ಮ ಕಿತ್ತು ಹಾಕ್ತಿದ್ದೆ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ತಪ್ಪಾತ್ರಿ ಕಾಕಾ. ವಾಪಸ್ ಬರ್ರಿ."

ಅವರು ಪೈಪನ್ನು ಗುಲಾಬಿಯ ಬುಡಕ್ಕೆ ಇಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಬೈಯೂ ಮುಂದ ಹತ್ತು ಮಂದಿ ಇದ್ರು. ತಪ್ಪಾತು ಅನ್ನಾಕ ಒಬ್ಬರ ಬಂದೀರಲ್ರಿ ಅಕ್ಕಾರ."

ಮರುದಿನ ಬೆಳಿಗ್ಗೆ, ಶಾಲೆಯ ಬಸ್ಸು ಬರುವ ಹೊತ್ತಿಗೆ, ಆ ದಾರವನ್ನು ಹಿಡಿದುಕೊಂಡು ಗೇಟಿಗೆ ಹೋದೆ.