ಒಡೆಯಲೆಂದೇ ಕಟ್ಟುವ ದೋಣಿಗಳು

ಮೇಸ್ತ್ರಿ ತಮ್ಮ ಅಂಗಿಗೆ ಗುಂಡಿ ಹಾಕುತ್ತಿದ್ದಾರೆ. ಅಂಗಿಯೊಳಗೆ ಅವರಿಲ್ಲ, ಹಳೆಯ ಗೋಣಿಚೀಲ ತುಂಬಿ ಮಾಡಿದ ಬೊಂಬೆಯಿದೆ. ಬೊಂಬೆಯ ಹೊಟ್ಟೆಯಲ್ಲಿ ಬಿಸಿನೀರಿನ ಕ್ಯಾನು. ಬಂದರಿನ ಕಟ್ಟಕಡೆಯ ಶೆಡ್ಡಿಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ನೆಲದ ತುಂಬ ಮರದ ಹೊಟ್ಟು, ಗಾಳಿಯ ತುಂಬ ಅಂಟಿನ ಘಾಟು.

"ಕಾಲರ್ ಸರಿ ಮಾಡಪ್ಪಾ, ಮದುವೆಗೆ ಹೊರಟಿದಾನೆ," ಎಂದು ಮಗಳು ಛೇಡಿಸುತ್ತಾಳೆ.

"ಸುಮ್ನಿರೇ. ನಿನ್ನ ಹಳೇ ಅಂಗಿ ಕೇಳಿದ್ದಕ್ಕೆ ನಿಮ್ಮಮ್ಮ ಸೌಟು ಎತ್ಕೊಂಡು ಬಂದ್ಲು. ಅದಕ್ಕೇ ನಂದು ಹಾಕ್ತಿರೋದು."

ಅಮ್ಮನ ಸಿಟ್ಟಿಗೆ ಕಾರಣವಿದೆ. ಈ ಬೊಂಬೆಗಳು ಇವತ್ತು ದೋಣಿ ಹತ್ತಿ ಸಮುದ್ರಕ್ಕಿಳಿಯುತ್ತವೆ. ಅವುಗಳ ಎದುರಿಗೆ ಒಂದು ಯುದ್ಧದೋಣಿ ಬರುತ್ತದೆ. ಅದು ಬರೀ ಯಂತ್ರ, ಒಳಗೆ ಯಾರೂ ಇಲ್ಲ. ದೂರದಲ್ಲಿ ಕುಳಿತು ನಡೆಸುವವರೂ ಇಲ್ಲ. ಹೊಡೆಯಬೇಕೋ ಬಿಡಬೇಕೋ ಎಂಬುದು ಅದರದೇ ತೀರ್ಮಾನ.

ಮೇಸ್ತ್ರಿಯ ಕಸುಬು ಗುರಿದೋಣಿ ಕಟ್ಟುವುದು. ನೌಕಾಪಡೆಯವರು ಹೊಡೆದು ಕೈ ಪಳಗಿಸಿಕೊಳ್ಳಲಿಕ್ಕೆಂದೇ ಹುಟ್ಟುವ ಪ್ಲೈವುಡ್ ದೋಣಿಗಳವು. ಬಂದರಿನವರು ಅವರಿಗಿಟ್ಟ ಹೆಸರು ಮುಳುಗಿಸೋ ಮೇಸ್ತ್ರಿ. "ಬೇರೆ ಬಡಗಿಗಳಿಗೆ ದೋಣಿ ವಾಪಸ್ ಬಂದ್ರೆ ಹೆಸರು. ನಂಗೆ ಬರದೇ ಇದ್ರೆ ಹೆಸರು," ಎಂದು, ಅವರ ಕಸುಬಿನ ಬಗ್ಗೆ ಬರೆಯಲು ಬಂದ ನನ್ನ ಕಡೆ ತಿರುಗಿ ನಗುತ್ತಾರೆ. ನಗು ಅರ್ಧಕ್ಕೇ ಕೆಮ್ಮಾಗುತ್ತದೆ. ಅಂಟು ಮತ್ತು ಫೈಬರ್ ಪುಡಿ ವರ್ಷಗಟ್ಟಲೆ ಎದೆಗಿಳಿದದ್ದು. ಬಿಸಿಲಿದ್ದರೆ ವಾರಕ್ಕೊಂದು ದೋಣಿ ಮುಗಿಯುತ್ತದೆ. ಮಳೆಗಾಲದಲ್ಲಿ ಅಂಟು ಒಣಗುವುದಿಲ್ಲ, ಹೆಂಡತಿ ಇಸ್ತ್ರಿಪೆಟ್ಟಿಗೆ ಹಿಡಿದು ಹಲಗೆಗಳನ್ನು ಕಾಯಿಸಿಕೊಡುತ್ತಾಳೆ. ಅಷ್ಟೆಲ್ಲ ಮಾಡಿ ಕಟ್ಟಿದ್ದು ಕಣ್ಣು ಮಿಟುಕಿಸುವುದರಲ್ಲಿ ಚೂರು.

ಹಲಗೆಗೆ ಗೆರೆ ಹಾಕಲು ಅವರಲ್ಲಿರುವುದು ಅಪ್ಪ ಬಿಟ್ಟುಹೋದ ಒಂದೇ ಅಚ್ಚು. ಬಂದರಿನ ಮೀನುದೋಣಿಗಳೆಲ್ಲ ಅದರಿಂದಲೇ ಆದವು. ಮಗಳು ದಿನಾ ಬಲೆ ಹಾಕಲು ಹೋಗುವ ದೋಣಿಯೂ ಅದೇ ಅಚ್ಚಿನದು. ಗುರಿದೋಣಿಗೂ ಮೇಸ್ತ್ರಿ ಅದನ್ನೇ ಬಳಸಿದರು.

"ಒಡೆಯೋದಕ್ಕೆ ಬೇರೆ ಅಚ್ಚು ಯಾಕೆ ಅಂದ್ಕೊಂಡೆ. ಹೊಡೆಯೋನು ಮನುಷ್ಯ ಆಗಿರೋವರೆಗೂ ಅದೇನೂ ತೊಂದ್ರೆ ಇರ್ಲಿಲ್ಲ. ಯಾವುದು ಗುರಿ, ಯಾವುದು ನಮ್ಮ ಹುಡುಗಿ ಅಂತ ಅವನಿಗೆ ಗೊತ್ತಿರುತ್ತೆ."

ಯಂತ್ರಕ್ಕೆ ಗೊತ್ತಿರಲಿಲ್ಲ. ಮೇಸ್ತ್ರಿಯ ದೋಣಿಗಳನ್ನೇ ನೋಡಿ ನೋಡಿ ಕಲಿತದ್ದು ಅದು. ಹೋದ ಸಲದ ಪರೀಕ್ಷೆಯಲ್ಲಿ, ಎದುರಿಗಿದ್ದ ಗುರಿಯನ್ನು ಬಿಟ್ಟು, ದೂರದಲ್ಲಿ ದಡಕ್ಕೆ ಮರಳುತ್ತಿದ್ದ ಮೀನುದೋಣಿಯೊಂದರ ಕಡೆಗೆ ಮೂತಿ ತಿರುಗಿಸಿತು. ಅದರಲ್ಲಿದ್ದವಳು ಮಗಳು. ದಡದಲ್ಲಿದ್ದವರು ರೇಡಿಯೊ ಮೂಲಕ ಯಂತ್ರವನ್ನು ತಡೆದರು. ಅವತ್ತಿನಿಂದ ಮೇಸ್ತ್ರಿಗೆ ಅನ್ನ ಸೇರುತ್ತಿಲ್ಲ.

"ಅಚ್ಚು ಬದಲಾಯಿಸ್ತೀನಿ ಮೇಡಂ ಅಂದೆ," ಎಂದು ಅವರು ಪಕ್ಕದಲ್ಲಿ ನಿಂತಿದ್ದ ಇಂಜಿನಿಯರ್ ಕಡೆ ನೋಡುತ್ತಾರೆ.

ಯಂತ್ರವನ್ನು ರೂಪಿಸಿದ ತಂಡದ ಮುಖ್ಯಸ್ಥೆ ಈಕೆ. "ಬದಲಾಯಿಸಿ ಏನು ಪ್ರಯೋಜನ ಮೇಸ್ತ್ರಿ? ಮುಂದೆ ದೊಡ್ಡ ಹಡಗನ್ನ ಮುಳುಗಿಸೋಕೆ ಇನ್ನೊಂದು ದೊಡ್ಡ ಹಡಗು ಬರಲ್ಲ. ಸಿಡಿಮದ್ದು ತುಂಬಿದ, ಆಳಿಲ್ಲದ ದೋಣಿಗಳು ಹಿಂಡುಹಿಂಡಾಗಿ ಬರ್ತವೆ, ಅದೂ ಮೀನುದೋಣಿ ವೇಷದಲ್ಲೇ. ಮೊದಲು ಶತ್ರುಗಳು ನಮ್ಮ ರೇಡಿಯೊ ಕೆಡಿಸ್ತಾರೆ. ಆಮೇಲೆ ನಮ್ಮ ಯಂತ್ರಕ್ಕೆ ನಿಲ್ಲು ಅಂತ ಹೇಳೋಕೂ ಆಗಲ್ಲ."

ಅದಕ್ಕೇ ಇವತ್ತು ಬೇಕೆಂದೇ ರೇಡಿಯೊ ಬಂದ್. ಯಂತ್ರಕ್ಕೆ ಹೊಸದಾಗಿ ಕಲಿಸಿದ ಪಾಠ ಒಂದೇ: ದೋಣಿಯಲ್ಲಿ ಮನುಷ್ಯರ ಮೈಬಿಸಿ ಕಂಡರೆ ಬಿಡು, ಖಾಲಿಯಿದ್ದರೆ ಹೊಡಿ. ನನ್ನಜ್ಜಿಯ ಕಥೆಗಳಲ್ಲಿ ರಾಕ್ಷಸನಿಗೆ ಏಳು ಬಾಗಿಲಾಚೆಯಿಂದಲೂ ನರಮನುಷ್ಯರ ವಾಸನೆ ಬಡಿಯುತ್ತಿತ್ತು. ಈ ರಾಕ್ಷಸನಿಗೆ ಮೂಗಿಲ್ಲ. ಕಣ್ಣಿಗೆ ಕಂಡಷ್ಟೇ ಅದರ ಲೋಕ.

ಮೀನುಗಾರರಿಗೆ ಇವತ್ತು ಸಮುದ್ರ ಮುಚ್ಚಿದೆ. ಮಗಳು ತನ್ನ ದೋಣಿಗೆ ಕಟ್ಟಿ ಎರಡು ಗುರಿದೋಣಿಗಳನ್ನು ಎಳೆದುಕೊಂಡು ಹೋಗಿ, ನೀರಲ್ಲಿ ಬಿಟ್ಟು ಬರುತ್ತಾಳೆ. ಒಂದು ಖಾಲಿ. ಇನ್ನೊಂದರಲ್ಲಿ ಬೊಂಬೆಗಳು ನಿಂತಿವೆ. ಅವಳು ದಡದ ಮೆಟ್ಟಿಲು ಹತ್ತುವವರೆಗೆ ಮೇಸ್ತ್ರಿ ನೀರಿನಂಚಿನಲ್ಲೇ ನಿಂತಿರುತ್ತಾರೆ.

ಯಂತ್ರ ಹೊರಡುತ್ತದೆ. ಮೂತಿಯಲ್ಲಿ ಸಿಡಿಮದ್ದಿನ ಬದಲು ಮರಳಿನ ಚೀಲವಿದೆ. ನೀರು ಸೀಳುತ್ತ ಅದು ನೇರ ಬೊಂಬೆಗಳ ಕಡೆಗೇ ನುಗ್ಗುತ್ತದೆ. ಮೇಸ್ತ್ರಿಯ ಕೈ ಮಗಳ ತೋಳು ಹಿಡಿದಿದೆ. ಇನ್ನೇನು ಆಯಿತು ಅನ್ನುವಾಗ ಯಂತ್ರ ವೇಗ ತಗ್ಗಿಸಿ, ಬೊಂಬೆಗಳ ಸುತ್ತ ಒಂದು ಸುತ್ತು ಹಾಕಿ, ತಿರುಗಿ ಹೋಗಿ ಖಾಲಿ ದೋಣಿಯನ್ನು ಗುದ್ದುತ್ತದೆ. ಹಲಗೆಗಳು ಹಾರುತ್ತವೆ. ಇಂಜಿನಿಯರ್ ತಂಡದವರು ಕೈ ಕುಲುಕಿಕೊಳ್ಳುತ್ತಾರೆ.

"ಇಷ್ಟೇನಾ?" ಎನ್ನುತ್ತಾಳೆ ಮಗಳು. "ಬಲೆ ಬಿಟ್ಟಾದ್ಮೇಲೆ ನಾವು ನಿಂತಿರ್ತೀವಾ ಮೇಡಂ? ದೋಣಿ ತಳದಲ್ಲಿ ಅಂಗಾತ ಬಿದ್ಕೊಂಡಿರ್ತೀವಿ."

"ಗೊತ್ತು. ಮಲಗಿಸಿ ನೋಡೋದು ಮುಂದಿನ ತಿಂಗಳಿಗೆ ಇಟ್ಕೊಂಡಿದೀವಿ."

"ಯಂತ್ರಕ್ಕೆ ಒಪ್ಪಿಗೆ ಕೊಡೋಕೆ ದೊಡ್ಡೋರು ಬರೋದು ಮುಂದಿನ ವಾರ ಅಲ್ವಾ ಮೇಡಂ?" ಮೇಸ್ತ್ರಿಯ ದನಿ ಏರುವುದಿಲ್ಲ. "ಇವತ್ತೇ ನೋಡಿಬಿಡಿ. ದೋಣಿ ಹೋದ್ರೆ ನಂದು ತಾನೇ ಹೋಗೋದು."

"ಮಲಗಿಸಿ ಬನ್ನಿ. ನಂಗೂ ಗೊತ್ತಾಗ್ಬೇಕು," ಎನ್ನುತ್ತಾರೆ ಇಂಜಿನಿಯರ್.

ಮಗಳೇ ಹೋಗಿ ಬೊಂಬೆಗಳನ್ನು ದೋಣಿಯ ತಳದಲ್ಲಿ ಮಲಗಿಸಿ ಬರುತ್ತಾಳೆ. ಯಂತ್ರ ಮತ್ತೆ ಹೊರಡುತ್ತದೆ. ಈ ಸಲ ವೇಗ ತಗ್ಗುವುದಿಲ್ಲ. ಸುತ್ತೂ ಹಾಕುವುದಿಲ್ಲ. ದೋಣಿಯ ಪಕ್ಕೆ ಬಿರಿದ ಸದ್ದು ನೀರ ಮೇಲೆ ತಡವಾಗಿ ಬಂದು ನಮ್ಮನ್ನು ಮುಟ್ಟುತ್ತದೆ. ಅಷ್ಟರಲ್ಲಿ ಅಂಗಿಯೊಂದು ತೋಳು ಚಾಚಿಕೊಂಡು ತೇಲುತ್ತಿದೆ.

"ದೋಣಿಯ ಪಕ್ಕೆ ಬಿಸಿಯನ್ನ ಮರೆ ಮಾಡ್ತು. ಖಾಲಿ ಅಂದ್ಕೊಳ್ತು," ಎನ್ನುತ್ತಾರೆ ಇಂಜಿನಿಯರ್. ಆಮೇಲೆ, "ಇದನ್ನ ಈಗ ಸಮುದ್ರಕ್ಕೆ ಬಿಡಬಾರದು ಅಂತ ನಾನೇ ಹೇಳ್ತೀನಿ. ಆದ್ರೆ ಬೇರೆ ದೇಶದವರು ತಮ್ಮದನ್ನ ಹೀಗೆ ಮಲಗಿಸಿ ನೋಡಿರ್ತಾರೋ ಇಲ್ವೋ, ಅದು ನಂಗೆ ಗೊತ್ತಿಲ್ಲ."

ಮಧ್ಯಾಹ್ನ ಶೆಡ್ಡಿನಲ್ಲಿ ಮೇಸ್ತ್ರಿ ಊಟದ ಡಬ್ಬಿ ಬಿಚ್ಚುವುದಿಲ್ಲ. ಮಗಳು ತಾನೇ ಬಿಚ್ಚಿ ಮುಂದಿಡುತ್ತಾಳೆ.

"ನೀನು ಇನ್ಮೇಲೆ ದೋಣೀಲಿ ಮಲಗಬೇಡ ಮಗಾ."

"ಅದರ ಕಣ್ಣು ಸರಿಯಿಲ್ಲ ಅಂತ ನಾನು ನಿದ್ದೆ ಬಿಡ್ಬೇಕಾ? ಚೆನ್ನಾಗಿದೆ ನ್ಯಾಯ." ಅವಳು ಕಣ್ಣು ತಪ್ಪಿಸಿ ಡಬ್ಬಿಯ ಮುಚ್ಚಳ ಒರೆಸುತ್ತಾಳೆ. "ಉಣ್ಣಪ್ಪಾ ಮೊದ್ಲು."

ಮೇಸ್ತ್ರಿ ಎರಡು ತುತ್ತು ನುಂಗಿ, ಕೈತೊಳೆದು, ಅಪ್ಪನ ಅಚ್ಚನ್ನು ಹೊಸ ಹಲಗೆಯ ಮೇಲಿಟ್ಟು ಪೆನ್ಸಿಲ್ ಎಳೆಯುತ್ತಾರೆ. ಇನ್ನೆಷ್ಟು ದೋಣಿ ಕಟ್ಟಬೇಕಾದೀತು ಎಂದು ಕೇಳುತ್ತೇನೆ.

"ಮಲಗಿರೋರು ಅದರ ಕಣ್ಣಿಗೆ ಕಾಣೋವರೆಗೂ ಕಟ್ತೀನಿ," ಎನ್ನುತ್ತಾರೆ, ಗೆರೆಯಿಂದ ಕಣ್ಣೆತ್ತದೆ. "ಪ್ರತಿಯೊಂದರಲ್ಲೂ ಬೊಂಬೆ ಮಲಗಿಸೇ ಕಳಿಸ್ತೀನಿ."